ಬಾಯಲ್ಲಿ ಇಪ್ಪತ್ತು ಮೊಳೆ

ಬೂಟಿನ ಕಾರ್ಖಾನೆಯಲ್ಲಿ ಮೊಳೆ ಹೊಡೆಯುವ ಹೆಂಗಸರಿಗೆ ಎರಡು ಕೈ ಸಾಲುವುದಿಲ್ಲ. ಪಾದದಾಕಾರದ ಬೂಟಿನ ಅಚ್ಚನ್ನು ತಲೆಕೆಳಗಾಗಿ ಮಂಡಿಗಳ ನಡುವೆ ಅವುಚಿಕೊಳ್ಳಬೇಕು. ಬಲಗೈಯ ಇಕ್ಕಳದಿಂದ ಚರ್ಮವನ್ನು ಅದರ ಮೇಲೆ ಎಳೆಯಬೇಕು. ಎಳೆದದ್ದು ಜಾರದ ಹಾಗೆ ಎಡಗೈ ಹೆಬ್ಬೆರಳು ಒತ್ತಿ ಹಿಡಿದಿರಬೇಕು. ಹಾಗಾದರೆ ಮೊಳೆ ಎಲ್ಲಿಟ್ಟುಕೊಳ್ಳುವುದು? ಬಾಯಲ್ಲಿ. ಒಂದು ಸಲಕ್ಕೆ ಇಪ್ಪತ್ತು. ತಲೆ ಹೊರಗೆ, ಮೊನೆ ಒಳಗೆ. ನಾಲಿಗೆ ಒಂದೊಂದನ್ನೇ ತುಟಿಯವರೆಗೆ ತಂದುಕೊಡುತ್ತದೆ, ಎರಡು ಬೆರಳು ಅದನ್ನು ಕೀಳುತ್ತವೆ, ಇಕ್ಕಳದ ಬೆನ್ನು ಬಡಿಯುತ್ತದೆ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಇದೇ.

ನಲವತ್ತೆರಡು ಹೆಂಗಸರು ಸಾಲಾಗಿ ಕೂತು ಹೀಗೆ ಮೊಳೆ ಹೊಡೆಯುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಳಬಳು ಮೊಳೆಯಕ್ಕ. ಇಪ್ಪತ್ತೆರಡು ವರ್ಷದ ಕೆಲಸ. ಮುಂದಿನ ಎರಡು ಹಲ್ಲಿನ ಅಂಚು ಸವೆದು ಕಚ್ಚು ಬಿದ್ದಿತ್ತು. ನಾಲಿಗೆಯ ತುದಿಗೆ ಉಪ್ಪು ಯಾವುದು, ಸಪ್ಪೆ ಯಾವುದು ತಿಳಿಯುತ್ತಿರಲಿಲ್ಲ. ಏನು ತಿಂದರೂ ಮೊದಲು ಕಬ್ಬಿಣ, ಆಮೇಲೆ ಊಟ.

ಪಕ್ಕದ ಸ್ಟೂಲಿನವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಗೇಟಿನಿಂದ ಸ್ಟೂಲಿನವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಮೊಳೆ ತುಂಬಿಕೊಂಡಳೋ, ಕರೆಂಟು ಹೋದ ಹಾಗೆ ಬಂದ್. "ನನ್ನ ಗಂಡ ಈ ಮೊಳೆಗಳನ್ನ ಮನೆಗೂ ತಗೊಂಡ್ಬಾ ಅಂತಾನೆ ಕಣಕ್ಕಾ," ಎಂದು ಅವಳೇ ಹೇಳಿ ಅವಳೇ ನಗುತ್ತಿದ್ದಳು.

ತರುವ ಹಾಗಿರಲಿಲ್ಲ. ಹಿಂದೊಮ್ಮೆ ಸಮುದ್ರದಾಚೆ ಯಾವನೋ ಒಬ್ಬನ ಹಿಮ್ಮಡಿಗೆ ಬೂಟಿನೊಳಗೆ ಉಳಿದ ಮೊಳೆ ಚುಚ್ಚಿತಂತೆ. ಅವನಿಗೆ ಎಷ್ಟು ರಕ್ತ ಬಂತೋ ದೇವರೇ ಬಲ್ಲ. ಅಂದಿನಿಂದ ಪ್ರತಿ ಸಂಜೆ ನಲವತ್ತೆರಡು ಹೆಂಗಸರು ಗೇಟಿನಲ್ಲಿ ಸಾಲು ನಿಂತು ಬಾಯಿ ತೆರೆಯಬೇಕಾಯಿತು. ಒಂದು ಮೊಳೆಯೂ ಲೆಕ್ಕ ತಪ್ಪಿ ಹೋಗಬಾರದು. ಗೇಟಿನವನ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಗೆ ರಬ್ಬರಿನ ಗ್ಲೌಸು.

"ಆ ಅನ್ನು."

"ಆ."

"ನಾಲಿಗೆ ಎತ್ತು. ಹ್ಞೂಂ, ಹೋಗು. ನೀನು, ಆ ಅನ್ನು."

ಅವನು ಕೆನ್ನೆಯೊಳಗೆ ಬೆರಳು ಹಾಕಿ ತಡವುತ್ತಿದ್ದ. ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಹೋಗುವಾಗ ಗ್ಲೌಸು ಬದಲಾಯಿಸುತ್ತಿರಲಿಲ್ಲ, ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಮೊದಮೊದಲು ಮೊಳೆಯಕ್ಕ ಮನೆಗೆ ಹೋಗಿ ವಾಂತಿ ಮಾಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಮನುಷ್ಯರ ಬಾಯಲ್ಲಿ ಏನೆಲ್ಲ ಮಾತು ಹುಟ್ಟುತ್ತವೆ. ಆ ಕಾರ್ಖಾನೆಯವರು ಆ ಹೆಂಗಸರ ಬಾಯಿಂದ ಕೇಳಿದ್ದು ಇದೊಂದೇ. ಆ.

ಕೆಂಪು ಸ್ಟಿಕ್ಕರುಗಳು ಬಂದದ್ದು ಒಂದು ಸೋಮವಾರ. ಬೆಳಿಗ್ಗೆ ಬಂದು ನೋಡಿದರೆ ಅಟ್ಟೆ ಒತ್ತುವ ಯಂತ್ರದ ಬೆನ್ನಿಗೆ ಅಂಗೈಯಗಲದ ಕೆಂಪು ಸ್ಟಿಕ್ಕರು, ಅದರ ಮೇಲೊಂದು ನಂಬರು. ಮರುದಿನ ಚರ್ಮ ಕತ್ತರಿಸುವ ಯಂತ್ರಕ್ಕೆ ಬಂತು. ಅದರ ಮರುದಿನ ಫ್ಯಾನುಗಳಿಗೆ, ಗೋಡೆಯ ಗಡಿಯಾರಕ್ಕೆ. ಯಾರು ಅಂಟಿಸುತ್ತಾರೆ, ಯಾವಾಗ ಅಂಟಿಸುತ್ತಾರೆ, ಕಂಡವರಿಲ್ಲ. ಕೇಳಿದರೆ ಸೂಪರ್‌ವೈಸರ್ "ನಿನ್ನ ಕೆಲಸ ನೋಡು" ಎನ್ನುತ್ತಿದ್ದ. ಅವನ ಕುರ್ಚಿಗೂ ಒಂದು ಬಂದ ದಿನ ಅದನ್ನೂ ಅನ್ನುವುದು ಬಿಟ್ಟ.

ಆ ವಾರದ ಕೊನೆಯಲ್ಲಿ ಮ್ಯಾನೇಜರ್ ಮಹಡಿ ಇಳಿದು ಬಂದ. ಒಳ್ಳೆಯ ಮಾತುಗಾರ. ಎಂದೂ ದನಿ ಏರಿಸಿದವನಲ್ಲ. ಹಿಂದೆ ಒಬ್ಬ ಫೋನು ಎತ್ತಿ ಹಿಡಿದು ವಿಡಿಯೋ ಮಾಡಿಕೊಳ್ಳುತ್ತಿದ್ದ.

"ಯಾರೂ ಏಳಬೇಡ್ರಮ್ಮಾ, ಕೆಲಸ ಮಾಡ್ತಾ ಮಾಡ್ತಾನೇ ಕೇಳಿ. ನಮ್ಮ ಕಂಪನಿಗೆ ಬೇರೆ ದೇಶದಿಂದ ನಾಲ್ಕು ಜನ ಹೆಣ್ಣುಮಕ್ಕಳು ಬರ್ತಿದ್ದಾರೆ. ನಿಮ್ಮ ಕೈ ಕೆಲಸ ಕಲೀತಾರೆ. ನಿಮಗೆ ಹೆಮ್ಮೆ ಅಲ್ವಾ ಇದು? ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಈಗಲೇ ಹೇಳಿ. ಐದು ಎಣಿಸ್ತೀನಿ. ಒಂದು. ಎರಡು. ಮೂರು."

ನಲವತ್ತೆರಡು ಬಾಯಿ. ಒಂದೊಂದರಲ್ಲೂ ಇಪ್ಪತ್ತು ಮೊಳೆ. ರೇಡಿಯೋ ಕಣ್ಣರಳಿಸಿ ಮೊಳೆಯಕ್ಕನ ಕಡೆ ನೋಡಿದಳು. ಮೊಳೆಯಕ್ಕ ಮೊಳೆಗಳನ್ನು ಬಟ್ಟಲಿಗೆ ಉಗುಳಲು ಬಗ್ಗುವಷ್ಟರಲ್ಲಿ, "ನಾಲ್ಕು. ಐದು. ಎಲ್ಲರ ಒಪ್ಪಿಗೆ ಇದೆ ಅಂತಾಯ್ತು. ಥ್ಯಾಂಕ್ಸ್," ಎಂದವನು ಮೆಟ್ಟಿಲು ಹತ್ತಿಬಿಟ್ಟ.

ಇದು ಗೊತ್ತಿದ್ದೇ ಮಾಡಿದ್ದು. ಊಟದ ಹೊತ್ತಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ.

ಆ ಸಂಜೆ ಮೊಳೆಯಕ್ಕ ಗಂಡನ ಅಂಗಡಿಯ ಮುಂದೆ ನಿಂತಳು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಂದು ಕಾಲದಲ್ಲಿ ಕಾರ್ಖಾನೆಯ ಅಚ್ಚುಗಳೆಲ್ಲ ಇಲ್ಲೇ ಆಗುತ್ತಿದ್ದವು. ಅವನು ಮರದಲ್ಲಿ ಪಾದ ಕೆತ್ತುತ್ತಿದ್ದ. ಎಂಟು ವರ್ಷದ ಹಿಂದೆ ಒಂದು ಕಂಟೈನರ್ ಬಂತು, ಅದರ ತುಂಬ ಪ್ಲಾಸ್ಟಿಕ್ ಅಚ್ಚು. ಮರದ ಒಂದು ಜೊತೆ ಅಚ್ಚಿನ ಬೆಲೆಗೆ ಪ್ಲಾಸ್ಟಿಕ್ಕಿನದು ಹತ್ತು ಜೊತೆ ಬರುತ್ತಿತ್ತು. ಮರುದಿನದಿಂದ ಅವನಿಗೆ ಕೆಲಸ ಇಲ್ಲ. ಉಳಿದ ಅಂಗಡಿಗಳು ಒಂದೊಂದಾಗಿ ಕದ ಹಾಕಿದವು. ಅವನು ಮಾತ್ರ ದಿನಾ ಬೆಳಿಗ್ಗೆ ಬಾಗಿಲು ಅರ್ಧ ಎತ್ತಿ ಒಳಗೆ ಕೂರುತ್ತಿದ್ದ. ಮರದ ಒಂದು ಹಳೆಯ ಬಲಗಾಲನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದ. ಎಂಟು ವರ್ಷ ತಿಕ್ಕಿ ತಿಕ್ಕಿ ಅದು ಮಗುವಿನ ಕಾಲಿನಷ್ಟಾಗಿತ್ತು.

"ಕಲಿಯೋಕೆ ಬರ್ತಾರಂತೆ," ಎಂದಳು ಮೊಳೆಯಕ್ಕ.

"ಕಲಿತು?"

ಅವಳು ಬಾಗಿಲ ಬಳಿಯ ಮರದ ಪುಡಿಯನ್ನು ಕಾಲಿನಿಂದ ಸರಿಸಿದಳು.

"ಕಲಿತು ಏನ್ಮಾಡ್ತಾರೆ ಅಂತ ಕೇಳ್ದೆ."

ಅವಳು ತುಟಿ ಬಿಗಿ ಹಿಡಿದು ನೆಲ ನೋಡಿದಳು. ಬಾಯಲ್ಲಿ ಮೊಳೆ ಇದ್ದಾಗ ಹೇಗೋ ಹಾಗೆ. ಮನೆಯಲ್ಲೂ ಅವಳಿಗೆ ಅದೇ ರೂಢಿ. ಯಾರಾದರೂ ಜೋರಾಗಿ ಕೇಳಿದರೆ ಸಾಕು, ತುಟಿ ತಾನೇ ಬಿಗಿದುಕೊಳ್ಳುತ್ತಿತ್ತು.

"ನನ್ನ ಕೆಲಸ ಹೋದಾಗಲೂ ನೀನು ಹೀಗೇ ನಿಂತಿದ್ದೆ," ಎಂದ ಗಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಮಾರನೇ ದಿನ ಆ ಪ್ಲಾಸ್ಟಿಕ್ಕನ್ನ ಮಂಡಿ ಮಧ್ಯೆ ಇಟ್ಕೊಂಡು ಕೂತೆ. ತುಟಿ ಪಿಟಕ್ಕನ್ನಲಿಲ್ಲ."

"ಏನಂತ ಅನ್ಬೇಕಿತ್ತು ರೀ ನಾನು?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ?" ಎಂದು ಅವನು ಮತ್ತೆ ತಿಕ್ಕತೊಡಗಿದ.

ನಾಲ್ವರು ಬಂದರು. ಅವರ ಭಾಷೆ ಯಾರಿಗೂ ಬಾರದು. ಕಂಪನಿಯವರು ದಿನಗೂಲಿಗೆ ಒಬ್ಬ ದುಭಾಷಿ ಹುಡುಗಿಯನ್ನು ಇಟ್ಟಿದ್ದರು. ಮೊಳೆಯಕ್ಕನ ಪಾಲಿಗೆ ಬಂದವಳಿಗೆ ಇಪ್ಪತ್ತೈದಿರಬಹುದು. ಎಲ್ಲರೂ ಅವಳನ್ನು ಹೊಸಬಳು ಎಂದರು, ಅದೇ ಹೆಸರಾಯಿತು. ಇಬ್ಬರ ತಲೆಯ ಮೇಲೂ ಒಂದು ಕ್ಯಾಮೆರಾ ತೂಗುಹಾಕಿದರು. ಅದು ಮುಖ ಹಿಡಿಯುತ್ತಿರಲಿಲ್ಲ, ಬರೀ ಕೈ ಹಿಡಿಯುತ್ತಿತ್ತು.

ಮೊದಲ ವಾರ ಮೊಳೆಯಕ್ಕ ಅವಳಿಗೆ ಏನನ್ನೂ ಸರಿಯಾಗಿ ತೋರಿಸಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇತ್ತು. ಬೂಟಿನ ಮೂಗಿನ ಹತ್ತಿರ ಚರ್ಮ ನೆರಿಗೆ ಕಟ್ಟುತ್ತದೆ. ಅದನ್ನು ಕಿರ್ ಎನ್ನುವವರೆಗೆ ಎಳೆದು, ಇನ್ನೇನು ಹರಿಯುತ್ತದೆ ಎನ್ನುವಾಗ ಕೂದಲೆಳೆಯಷ್ಟು ಬಿಡಬೇಕು. ಆಗ ನೆರಿಗೆ ಮಾಯ. ಆ ಬಿಡುವುದು ಎಷ್ಟು ಎಂಬುದು ಕೈಗೆ ಗೊತ್ತಾಗುವುದಲ್ಲ, ಕಚ್ಚಿದ ಹಲ್ಲಿಗೆ ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಅದು ಸಿಕ್ಕಲಿಲ್ಲ. ಹೊಸಬಳು ಎಳೆಯುತ್ತಿದ್ದಳು, ಹರಿಯುತ್ತಿತ್ತು, ಬೈಸಿಕೊಳ್ಳುತ್ತಿದ್ದಳು. ಮೊಳೆಯಕ್ಕ ನೋಡುತ್ತ ಕೂತಿದ್ದಳು. ಸಾಯಲಿ, ನನಗೇನು ಎಂದುಕೊಂಡಳು.

ಎಂಟನೇ ದಿನ ಬೆಳಿಗ್ಗೆ ರೇಡಿಯೋ ಇನ್ನೂ ಮೊಳೆ ತುಂಬಿಕೊಂಡಿರಲಿಲ್ಲ. ಸೂಪರ್‌ವೈಸರ್ ನಡೆಯುವ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದಳು. ಭಾಷೆ ಬಾರದಿದ್ದರೇನು, ಹೊಟ್ಟೆ ಎಲ್ಲರಿಗೂ ಅರ್ಥವಾಗುತ್ತದೆ. ಬಾಯಿ ತುಂಬ ಮೊಳೆ ಇದ್ದ ಹೊಸಬಳು ನಕ್ಕಳು. ನಕ್ಕದ್ದೇ ತಡ ಒಂದು ಮೊಳೆ ಗಂಟಲಿಗಿಳಿಯಿತು. ಕಣ್ಣು ಮೇಲಾಯಿತು. ಮುಖ ನೀಲಿಗಟ್ಟಿತು. ಮೊಳೆಯಕ್ಕ ತನ್ನ ಬಾಯಿಯ ಮೊಳೆ ಉಗುಳಿ, ಇಕ್ಕಳ ಬಿಸಾಡಿ ಅವಳನ್ನು ಮಂಡಿಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಬಾಯೊಳಗೆ ಬೆರಳು ಹಾಕಿ ಕೊಕ್ಕೆ ಮಾಡಿ ಎಳೆದಳು. ರಕ್ತದ ಜೊತೆ ಮೊಳೆ ಬಂತು.

ಹುಡುಗಿ ಅವಳ ಸೊಂಟ ತಬ್ಬಿಕೊಂಡಳು. ಮೊಳೆಯಕ್ಕನ ಸಿಟ್ಟು ಎಲ್ಲಿ ಹೋಯಿತೋ. ಅವಳ ಎರಡು ತುಟಿಗಳನ್ನು ತನ್ನ ಎರಡು ಬೆರಳಿನಿಂದ ಒತ್ತಿ ಹಿಡಿದು ಹೇಳಿದಳು.

"ಬಿಗಿ ಹಿಡಿ. ಏನೇ ಆಗ್ಲಿ ಬಾಯಿ ಬಿಡ್ಬೇಡ. ಯಾರೇ ಬರ್ಲಿ, ಏನೇ ಕೇಳ್ಲಿ. ಗೊತ್ತಾಯ್ತಾ? ಬಿಟ್ರೆ ಸತ್ತೆ."

ಹೊಸಬಳಿಗೆ ಮಾತು ತಿಳಿಯಲಿಲ್ಲ, ಬೆರಳು ತಿಳಿಯಿತು. ತುಟಿ ಬಿಗಿದು ತಲೆಯಾಡಿಸಿದಳು. ಅಂದಿನಿಂದ ಮೊಳೆಯಕ್ಕ ಎಲ್ಲವನ್ನೂ ತೋರಿಸಿದಳು. ಹುಡುಗಿಯ ಕೈ ಮೇಲೆ ಕೈ ಇಟ್ಟು ಎಳೆದಳು, ಬಿಟ್ಟಳು. ಹತ್ತು ದಿನದಲ್ಲಿ ಅವಳ ಬೂಟಿನ ಮೂಗು ಕನ್ನಡಿಯ ಹಾಗೆ ನುಣ್ಣಗಾಯಿತು. ಮೊಳೆಯಕ್ಕನಿಗೆ ಖುಷಿಯೂ ಆಯಿತು. ಸಂಕಟವೂ ಆಯಿತು.

ಒಂದು ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಹೊಸಬಳು ದುಭಾಷಿಯ ಕಿವಿಯಲ್ಲಿ ಏನೋ ಹೇಳಿದಳು. ದುಭಾಷಿ ಹಿಂದೆ ಮುಂದೆ ನೋಡಿದಳು.

"ಏನಂತೆ ಅವಳಿಗೆ?" ಎಂದಳು ಮೊಳೆಯಕ್ಕ.

"ನೀವು ಇಷ್ಟು ಚೆನ್ನಾಗಿ ಕೆಲಸ ಮಾಡ್ತೀರಿ, ಮತ್ತೆ ಯಾಕೆ ಬೇಡ ಅಂದ್ರಿ ಅಂತ ಕೇಳ್ತಿದ್ದಾಳೆ ಅಕ್ಕಾ."

"ಯಾರು ಬೇಡ ಅಂದಿದ್ದು?"

"ನೀವೆಲ್ಲ. ಸಾಕಾಯ್ತು, ಕೆಲಸ ಬಿಡ್ತೀವಿ ಅಂತ ನೀವೇ ಹೇಳಿದ್ದೀರಂತೆ. ಅಲ್ಲಿ ಅವರಿಗೆ ಹಾಗೇ ಹೇಳಿ ಕರ್ಕೊಂಡು ಬಂದಿದ್ದಾರೆ."

ದುಭಾಷಿಯ ದನಿ ಇನ್ನೂ ಸಣ್ಣದಾಯಿತು.

"ನಾನು ಹೇಳ್ದೆ ಅನ್ಬೇಡಿ. ಯಂತ್ರ ಎಲ್ಲ ಅಲ್ಲಿಗೆ ಹೋಗುತ್ತೆ. ಅಲ್ಲಿ ಕೂಲಿ ಇಲ್ಲಿನ ಕಾಲು ಭಾಗ. ಆದ್ರೆ ಬೂಟು ಕೊಳ್ಳೋ ದೊಡ್ಡ ಕಂಪನಿಯವರದೊಂದು ಕಾನೂನಿದೆ. ಕೆಲಸದವರು ತಾವಾಗೇ ಒಪ್ಪಿ ಬಿಟ್ಟಿದ್ದು ಅಂತ ಕ್ಯಾಮೆರಾ ಮುಂದೆ ಆಗ್ಬೇಕು. ಇಲ್ದಿದ್ರೆ ಒಂದು ಯಂತ್ರನೂ ಅಲ್ಲಾಡಿಸೋ ಹಾಗಿಲ್ಲ. ಅವರ ಕಡೆಯವನು ಬರ್ತಾನೆ, ಶುಕ್ರವಾರ."

ಹೊಸಬಳು ಇನ್ನೂ ಏನೋ ಹೇಳಿದಳು. ದುಭಾಷಿ ತಿರುಗಿಸಿ ಹೇಳಿದಳು. ಅವಳ ಅಮ್ಮ ನೂಲಿನ ಗಿರಣಿಯಲ್ಲಿದ್ದಳಂತೆ. ಆ ಗಿರಣಿಯೂ ಒಂದು ದಿನ ಲಾರಿ ಹತ್ತಿ ಬೇರೆ ಯಾವುದೋ ದೇಶಕ್ಕೆ ಹೋಯಿತಂತೆ. ಅಮ್ಮ ಅಂದಿನಿಂದ ಮಾತು ಕಡಿಮೆ ಮಾಡಿದಳಂತೆ.

ಮೊಳೆಯಕ್ಕ ನಲ್ಲಿ ನಿಲ್ಲಿಸಲು ಮರೆತಳು. ನೀರು ಸುಮ್ಮನೆ ಹರಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಂದಾಗ ಸ್ಟೂಲುಗಳಿಗೂ ಕೆಂಪು ಸ್ಟಿಕ್ಕರು ಬಿದ್ದಿತ್ತು. ಇಕ್ಕಳಗಳು ಒಂದು ಪೆಟ್ಟಿಗೆಯಲ್ಲಿ, ಮೊಳೆಗಳು ಇನ್ನೊಂದು ಪೆಟ್ಟಿಗೆಯಲ್ಲಿ, ಎರಡಕ್ಕೂ ಸ್ಟಿಕ್ಕರು. ಅಟ್ಟೆ ಒತ್ತುವ ಯಂತ್ರ ನೆಲದಿಂದ ಕಿತ್ತು ಬಂದಿತ್ತು. ಅದು ನಿಂತಿದ್ದ ಜಾಗದಲ್ಲಿ ನಾಲ್ಕು ತೂತು, ಸುತ್ತ ಎಣ್ಣೆಯ ಕರೆ. ಹಿಂಬಾಗಿಲಲ್ಲಿ ಕಂಟೈನರ್ ಲಾರಿ ಹಿಮ್ಮುಖವಾಗಿ ಬಂದು ಬಾಯಿ ತೆರೆದು ನಿಂತಿತ್ತು. ಒಳಗೆ ಕತ್ತಲೆ. ಗೇಟಿನವನು ಆವತ್ತು ಯಾರ ಮುಖವನ್ನೂ ನೋಡಲಿಲ್ಲ. ಅವನ ಟಾರ್ಚಿಗೂ ಒಂದು ಸ್ಟಿಕ್ಕರು ಅಂಟಿಸಿದ್ದರು.

ರೇಡಿಯೋ ತನ್ನ ಬೆನ್ನು ತಿರುಗಿಸಿ, "ನೋಡಕ್ಕಾ, ನನಗೂ ಅಂಟಿಸಿದ್ದಾರಾ?" ಎಂದಳು.

"ಇಲ್ಲ."

"ಹಾಗಾದ್ರೆ ನಾವು ಹೋಗೋ ಸಾಮಾನಲ್ಲ. ಬಿಸಾಕೋ ಸಾಮಾನು." ಅವಳು ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಹತ್ತು ಗಂಟೆಗೆ ಮ್ಯಾನೇಜರ್ ಇಳಿದು ಬಂದ. ಪಕ್ಕದಲ್ಲಿ ಕೊಳ್ಳುವ ಕಂಪನಿಯವನು, ಕೋಟು ತೊಟ್ಟವನು. ಅವನ ಮುಂದೆ ಮೂರು ಕಾಲಿನ ಮೇಲೆ ಕ್ಯಾಮೆರಾ, ಅದರ ತಲೆಯಲ್ಲಿ ಕೆಂಪು ದೀಪ. ದುಭಾಷಿ ಅವನ ಕಿವಿಯ ಹತ್ತಿರ. ಕಲಿಯಲು ಬಂದ ನಾಲ್ವರೂ ಚೀಲ ಹಿಡಿದು ಗೋಡೆಯ ಬದಿ.

"ನೋಡ್ರಮ್ಮಾ, ಇಷ್ಟು ವರ್ಷ ನೀವು ದುಡಿದಿದ್ದೀರಿ," ಎಂದು ಮ್ಯಾನೇಜರ್ ಶುರು ಮಾಡಿದ. "ಇನ್ನು ವಿಶ್ರಾಂತಿ ಬೇಕು ಅನ್ನೋದು ನಿಮ್ಮೆಲ್ಲರ ಆಸೆ. ಕಂಪನಿ ಅದನ್ನ ಗೌರವಿಸುತ್ತೆ. ಸ್ವಂತ ಇಷ್ಟದಿಂದ ಕೆಲಸ ಬಿಡೋಕೆ ಯಾರಿಗಾದ್ರೂ ಆಕ್ಷೇಪಣೆ ಇದ್ಯಾ? ಐದು ಎಣಿಸ್ತೀನಿ. ಒಂದು."

ನಲವತ್ತೆರಡು ಜನ ತುಟಿ ಬಿಗಿದು ನಿಂತಿದ್ದರು. ಮೊಳೆಯಕ್ಕನೂ. ಹಿಂದಿನ ರಾತ್ರಿಯೆಲ್ಲ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಈಗ ಒಂದೂ ಹೊರಡದು. ದವಡೆ ಕಲ್ಲಾಗಿತ್ತು.

"ಎರಡು."

ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಹೊಸಬಳು ಅವಳನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಎರಡು ತುಟಿಗಳನ್ನೂ ಒಳಗೆ ಎಳೆದು ಬಿಗಿ ಹಿಡಿದಿದ್ದಳು. ಬಾಯಲ್ಲಿ ಮೊಳೆ ಇಲ್ಲ, ಪೆಟ್ಟಿಗೆಗೆ ಹೋಗಿಯಾಗಿದೆ. ಆದರೂ ಬಿಗಿ ಹಿಡಿದಿದ್ದಳು. ಕಲಿಸಿದ್ದೆಲ್ಲವನ್ನೂ ಕಲಿತಿದ್ದಳು ಹುಡುಗಿ, ಇದನ್ನೂ. ಇದನ್ನು ಕಲಿಸಿದವಳು ಯಾರು? ನಾನೇ, ಎಂದುಕೊಂಡಳು ಮೊಳೆಯಕ್ಕ. ನನ್ನ ಈ ಎರಡು ಬೆರಳೇ. ಮೈಯೆಲ್ಲ ಉರಿದುಹೋಯಿತು.

"ಮೂರು."

ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಆಡಿಸಿದಳು. ಎಡಗೆನ್ನೆ ಖಾಲಿ. ಬಲಗೆನ್ನೆ ಖಾಲಿ. ನಾಲಿಗೆಯ ಕೆಳಗೂ ಏನಿಲ್ಲ. ಒಂದೂ ಮೊಳೆ ಇಲ್ಲ.

"ನಾಲ್ಕು."

ಅವಳು ಬಾಯಿ ತೆರೆದಳು. ಹೊರಗೆ ಬಂದದ್ದು, "ಆ."

ಸೂಪರ್‌ವೈಸರ್ ಕಿಸಕ್ಕೆಂದ. ಮ್ಯಾನೇಜರೂ ನಕ್ಕ. "ಏನಮ್ಮಾ, ಗೇಟಲ್ಲಿದ್ದೀನಿ ಅಂದ್ಕೊಂಡ್ಯಾ?"

"ಆ... ಆಗಲ್ಲ."

ನಗು ನಿಂತಿತು.

"ಆಗಲ್ಲ!" ಎಂದಳು ಮೊಳೆಯಕ್ಕ. ಅವಳ ದನಿ ಅವಳಿಗೇ ಹೊಸದು. ಒಡೆದ ದನಿ, ದೊಡ್ಡ ದನಿ. "ನಾವು ಬಿಡ್ತೀವಿ ಅಂತ ಯಾವತ್ತೂ ಹೇಳಿಲ್ಲ. ನೀನು ಕೇಳಿದಾಗ ನಮ್ಮ ಬಾಯಲ್ಲಿ ಮೊಳೆ ಇತ್ತು. ಇರುತ್ತೆ ಅಂತ ಗೊತ್ತಿದ್ದೇ ಕೇಳ್ದೆ. ಈಗ ಇಲ್ಲ. ಈಗ ಕೇಳು."

"ಆಗಲ್ಲ," ಎಂದಳು ರೇಡಿಯೋ. ಅವಳ ಹಿಂದಿನವಳು, ಅವಳಿಗೂ ಹಿಂದಿನವಳು. ಒಬ್ಬೊಬ್ಬರದೂ ಮೊದಲು ಬರೀ ಆ, ಆಮೇಲೆ ಮಾತು.

ಕೋಟಿನವನು ದುಭಾಷಿಯ ಕಡೆ ಬಗ್ಗಿ ಕೇಳಿದ, ಇವರೆಲ್ಲ ಏನನ್ನುತ್ತಿದ್ದಾರೆ ಎಂದು. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಅವಳ ಕಡೆ ತಿರುಗಿದ. ನಗು ಇನ್ನೂ ಮುಖದಲ್ಲೇ ಇತ್ತು, ದನಿ ಮಾತ್ರ ಹಲ್ಲಿನ ಸಂದಿಯಿಂದ ಬಂತು.

"ಆಗಲಿ. ಆಗಲಿ ಅಂತಿದ್ದಾರೆ ಅಂತ ಹೇಳು."

ಒಂದೇ ಒಂದು ಅಕ್ಷರ. ಅದರಲ್ಲಿ ನಲವತ್ತೆರಡು ಜನರ ಅನ್ನ ಇತ್ತು. ದುಭಾಷಿ ಹುಡುಗಿ ಮ್ಯಾನೇಜರನ ಮುಖ ನೋಡಿದಳು. ಅವಳೂ ದಿನಗೂಲಿಯವಳೇ. ಕೋಟಿನವನಿಗೆ ಚಿಕ್ಕದಾಗಿ ಏನೋ ಒಂದು ಮಾತು ಹೇಳಿದಳು. ಯಾವ ಮಾತೆಂದು ಇವರಿಗೆ ತಿಳಿಯುವ ಹಾಗಿರಲಿಲ್ಲ. ಕೋಟಿನವನು ಹೆಂಗಸರ ಕಡೆ ಒಮ್ಮೆ ನೋಡಿದ. ಗಡಿಯಾರ ನೋಡಿಕೊಂಡ. ಕೈ ಚಾಚಿ ಕ್ಯಾಮೆರಾದ ಕೆಂಪು ದೀಪ ಆರಿಸಿದ. ಬಾಗಿಲ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತ.

ಆಗ ಮೊಳೆಯಕ್ಕನಿಗೆ ಅರ್ಥವಾಯಿತು. ಹುಡುಗಿ ಏನೇ ಹೇಳಿರಲಿ, ಅವನು ತನಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಂಡಾಗಿತ್ತು.

ಅವಳು ತನ್ನ ಸ್ಟೂಲು ಎತ್ತಿಕೊಂಡಳು. ಅದರ ಸ್ಟಿಕ್ಕರನ್ನು ಉಗುರಿನಿಂದ ಪರಪರ ಕಿತ್ತಳು. ಹಿಂಬಾಗಿಲಿಗೆ ನಡೆದು, ಯಂತ್ರಕ್ಕೂ ಕಂಟೈನರಿಗೂ ನಡುವೆ ಸ್ಟೂಲು ಹಾಕಿ ಕೂತಳು. ಮಂಡಿಗಳನ್ನು ಒತ್ತಿ ಜೋಡಿಸಿಕೊಂಡಳು, ಕೆಲಸಕ್ಕೆ ಕೂತ ಹಾಗೆ. ಹಿಂದೆ ನಲವತ್ತೊಂದು ಸ್ಟೂಲು ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು.

ಲಾರಿಯವನು ಇಂಜಿನ್ ಶುರು ಮಾಡಿದ. ಹೊಗೆ ಅವರ ಮುಖಕ್ಕೇ ಬಂತು. ಮುಂದಿನ ಗೇಟಿನ ಸರಪಳಿ ಬಿಗಿಯುವುದು ಕೇಳಿತು. ಯಾರೋ ಫೋನಿನಲ್ಲಿ "ಹತ್ತು ಜನ ಸಾಲಲ್ಲ, ಇನ್ನೂ ಕಳ್ಸಿ" ಎನ್ನುತ್ತಿದ್ದರು. ಹೊಸಬಳನ್ನು ಹೊರಗೆ ಕರೆದೊಯ್ಯುತ್ತಿದ್ದರು. ಹೋಗುತ್ತ ಹೋಗುತ್ತ ಅವಳು ಎರಡು ಬೆರಳನ್ನು ತನ್ನ ತುಟಿಗಿಟ್ಟು, ತೆಗೆದಳು. ಮತ್ತೆ ಇಟ್ಟು, ಮತ್ತೆ ತೆಗೆದಳು. ಅಷ್ಟರಲ್ಲಿ ಅವಳ ತೋಳು ಹಿಡಿದು ಎಳೆದರು.

ಮ್ಯಾನೇಜರ್ ಎದುರಿಗೆ ಬಂದು ನಿಂತ. ಈಗ ಮುಖದಲ್ಲಿ ನಗು ಇರಲಿಲ್ಲ, ದನಿ ಮಾತ್ರ ಅಷ್ಟೇ ಮೆತ್ತಗಿತ್ತು.

"ಐದು ಎಣಿಸ್ತೀನಿ. ಅಷ್ಟರಲ್ಲಿ ಎದ್ದು ಹೋದವರು ಮನೆಗೆ ಹೋಗ್ತಾರೆ. ಕೂತವರು ಎಲ್ಲಿಗೆ ಹೋಗ್ತಾರೋ ನನಗೆ ಗೊತ್ತಿಲ್ಲ. ಒಂದು."

ಲಾರಿ ಗುರುಗುಟ್ಟುತ್ತಿತ್ತು. ರೇಡಿಯೋ ಮೊಳೆಯಕ್ಕನ ಸೆರಗಿನ ತುದಿ ಹಿಡಿದುಕೊಂಡಳು.

"ಎರಡು. ಮೂರು. ನಾಲ್ಕು."

ಅವನು ನಿಲ್ಲಿಸಿ ಕಾದ. ಇಷ್ಟು ವರ್ಷ ನೋಡಿದ್ದ, ಐದಕ್ಕೆ ಎಲ್ಲ ಮುಗಿಯುತ್ತದೆ.

"ಐದು."

ಯಾರೂ ಏಳಲಿಲ್ಲ. ಅವನ ಬಾಯಿ ಅರ್ಧ ತೆರೆದೇ ಇತ್ತು, ಮುಂದಿನ ಮಾತು ಇರಲಿಲ್ಲ.

"ಆರು," ಎಂದಳು ಮೊಳೆಯಕ್ಕ.